ಟ್ರೇನರ್ ಅಂಕಿಅಂಶ ನಂಬಿ ಪಣ ಕಟ್ಟಬಹುದೇ? 60 ಓಟಗಳ ಪಟ್ಟಿಯೊಂದನ್ನು ಬಿಡಿಸಿ ನೋಡಿದಾಗ

ಪ್ರಶ್ನೆ: ಐದು ವರ್ಷಗಳ ಕುದುರೆ ಓಟದ ಫಲಿತಾಂಶಗಳನ್ನು ಸ್ಪ್ರೆಡ್‌ಶೀಟಿಗೆ ಇಳಿಸಿಕೊಂಡು ಟ್ರೇನರ್‌ಗಳ ಸಾಧನೆಯನ್ನು ವಿಂಗಡಿಸಿದ್ದೇನೆ. ಒಬ್ಬ ಟ್ರೇನರ್, 90 ದಿನಕ್ಕಿಂತ ಹೆಚ್ಚು ವಿಶ್ರಾಂತಿ ಪಡೆದ ಕುದುರೆಗಳನ್ನು ಮತ್ತೆ ಕಣಕ್ಕಿಳಿಸಿದ 60 ಓಟಗಳಲ್ಲಿ 15 ಗೆದ್ದಿದ್ದಾರೆ. ಪ್ರತಿ ಓಟಕ್ಕೆ ಒಂದು ಯೂನಿಟ್ ಪಣ ಕಟ್ಟಿದ್ದರೆ 84 ಯೂನಿಟ್ ಮರಳುತ್ತಿತ್ತು. ಅಂದರೆ 24 ಯೂನಿಟ್ ಅಥವಾ ಶೇ 40ರಷ್ಟು ಲಾಭ. ದರಗಳ ಸಮೇತ ಪಟ್ಟಿಯನ್ನು ಜೊತೆಗಿಟ್ಟಿದ್ದೇನೆ. ಇನ್ನು ಮುಂದೆ ಇವರ ಇಂಥ ಕುದುರೆಗಳ ಮೇಲೆ ದೊಡ್ಡ ಪಣ ಕಟ್ಟಬಹುದೇ? ಟ್ರೇನರ್ ಅಂಕಿಅಂಶಗಳಿಂದ ಲಾಭದ ಪಣಗಳನ್ನು ಹುಡುಕುವ ಸರಿಯಾದ ಕ್ರಮ ಯಾವುದು?

ಉತ್ತರ: ಈ 60 ಓಟಗಳನ್ನಷ್ಟೇ ನಂಬಿ ಪಣವನ್ನು ಹೆಚ್ಚಿಸಬೇಡಿ. ನಿಮ್ಮ ಪಟ್ಟಿಯನ್ನು ಸಾಲುಸಾಲಾಗಿ ಓದಿದೆ. ಅದರಲ್ಲಿರುವ 15 ಗೆಲುವುಗಳ ಪೈಕಿ ಒಂದು 26ರ ದರದಲ್ಲಿ ಬಂದಿದೆ. ಕಟ್ಟಿದ ಪಣವೂ ಸೇರಿ ಒಂದು ಯೂನಿಟ್ಟಿಗೆ 26 ಯೂನಿಟ್ ಮರಳಿದೆ. ಆ ಕುದುರೆ ಕೊನೆಯ ನೆಗೆತದಲ್ಲಿ ಮೂಗಿನಷ್ಟು ಅಂತರದಿಂದ ಸೋತಿದ್ದರೆ ನಿಮ್ಮ ಒಟ್ಟು ವಾಪಸಾತಿ 84ರಿಂದ 58ಕ್ಕೆ ಇಳಿದು, 24 ಯೂನಿಟ್ ಲಾಭವಿದ್ದ ಕಡೆ 2 ಯೂನಿಟ್ ನಷ್ಟ ಕಾಣಿಸುತ್ತಿತ್ತು. ಮೂಗಿನಷ್ಟು ಅಂತರ ಅತ್ತಿತ್ತ ಆದುದಕ್ಕೆ ಟ್ರೇನರ್‌ನ ಕೌಶಲ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಆದುದರಿಂದ ಲಾಭದ ಕಾಲಮ್ಮನ್ನು ಸದ್ಯಕ್ಕೆ ಬದಿಗಿಟ್ಟು, ಈ ಟ್ರೇನರ್ ಮಾರುಕಟ್ಟೆ ನಿರೀಕ್ಷಿಸಿದ್ದಕ್ಕಿಂತ ಎಷ್ಟು ಹೆಚ್ಚು ಗೆದ್ದಿದ್ದಾರೆ ಎಂಬ ಬೇರೆಯದೇ ಪ್ರಶ್ನೆಯಿಂದ ಶುರುಮಾಡೋಣ.

ಗೆಲುವಿನ ಶೇಕಡಾವಾರು ಈ ಪ್ರಶ್ನೆಗೆ ಉತ್ತರಿಸುವುದಿಲ್ಲ. ಐದು ಕುದುರೆಗಳ ಓಟದಲ್ಲಿ ಕಣ್ಣುಮುಚ್ಚಿ ಆರಿಸಿದ ಕುದುರೆಗೂ ಶೇ 20ರ ಅವಕಾಶವಿರುತ್ತದೆ. ಹನ್ನೆರಡು ಕುದುರೆಗಳ ಓಟದಲ್ಲಿ ಅದು ಶೇ 8.3ಕ್ಕೆ ಇಳಿಯುತ್ತದೆ. ಸಣ್ಣ ಕಣಗಳಲ್ಲಿ ಶೇ 20 ಗೆಲ್ಲುವ ಟ್ರೇನರ್‌ಗಿಂತ ದೊಡ್ಡ ಕಣಗಳಲ್ಲಿ ಶೇ 16 ಗೆಲ್ಲುವವರು ಎಷ್ಟೋ ಮೇಲು. ಕಣದ ಗಾತ್ರವನ್ನು ಸರಿದೂಗಿಸಿದರೂ ಇನ್ನೊಂದು ತೊಡಕು ಉಳಿಯುತ್ತದೆ: ಒಳ್ಳೆಯ ಟ್ರೇನರ್‌ನ ಬಳಿಗೆ ಒಳ್ಳೆಯ ಕುದುರೆಗಳು ಬರುತ್ತವೆ, ಅವುಗಳ ಬೆನ್ನೇರಲು ಒಳ್ಳೆಯ ಜಾಕಿಗಳು ಬರುತ್ತಾರೆ, ಇದೆಲ್ಲ ಪಣ ಕಟ್ಟುವ ಎಲ್ಲರಿಗೂ ಗೊತ್ತಿರುವುದರಿಂದ ದರ ಮೊದಲೇ ಇಳಿದಿರುತ್ತದೆ. ಟ್ರೇನರ್‌ನ ಹೆಸರಿಗೆ ಸಲ್ಲಬೇಕಾದ ಬೆಲೆಯನ್ನು ಮಾರುಕಟ್ಟೆ ಈಗಾಗಲೇ ಕಟ್ಟಿಬಿಟ್ಟಿದೆ. ನಿಮಗೆ ದಕ್ಕಬಹುದಾದದ್ದು, ಅದು ಕಟ್ಟಲು ಮರೆತ ಭಾಗ ಮಾತ್ರ.

ಆ ಭಾಗವನ್ನು ಅಳೆಯಲು ದರವನ್ನೇ ಸಾಧ್ಯತೆಯಾಗಿ ಪರಿವರ್ತಿಸಿಕೊಳ್ಳಬೇಕು. ಆರು ಕುದುರೆಗಳ ಓಟವೊಂದರಲ್ಲಿ ದರಗಳು 2.5, 4, 5, 6, 11, 21 ಎಂದಿಟ್ಟುಕೊಳ್ಳಿ. 1ನ್ನು ಪ್ರತಿ ದರದಿಂದ ಭಾಗಿಸಿದರೆ ಶೇ 40, 25, 20, 16.7, 9.1, 4.8 ಸಿಗುತ್ತವೆ, ಕೂಡಿದರೆ ಸುಮಾರು 115.5. ನೂರನ್ನು ಮೀರಿದ ಈ 15.5, ಪಣ ಸ್ವೀಕರಿಸುವ ಬುಕ್‌ಮೇಕರ್ ತನಗಾಗಿ ಇಟ್ಟುಕೊಂಡ ಅಂಚು. ಪ್ರತಿಯೊಂದನ್ನೂ 1.155ರಿಂದ ಭಾಗಿಸಿದಾಗ ಫೇವರಿಟ್, ಅಂದರೆ ಅತಿ ಕಡಿಮೆ ದರದ ಕುದುರೆ, ಗೆಲ್ಲುವ ಸಾಧ್ಯತೆ ಶೇ 34.6 ಎಂದೂ, ಎರಡನೆಯದರದು ಶೇ 21.6 ಎಂದೂ, ಹೀಗೆ ಮಾರುಕಟ್ಟೆಯ ನಿಜವಾದ ಅಂದಾಜು ಹೊರಬೀಳುತ್ತದೆ. ಟ್ರೇನರ್‌ನ ಪ್ರತಿ ಕುದುರೆಗೂ ಹೀಗೆ ಲೆಕ್ಕ ಹಾಕಿ ಕೂಡಿಸಿದರೆ ಬರುವುದು ಅವರ ನಿರೀಕ್ಷಿತ ಗೆಲುವುಗಳ ಸಂಖ್ಯೆ. ನಿಜವಾದ ಗೆಲುವುಗಳನ್ನು ಇದರಿಂದ ಭಾಗಿಸಿದ ಅನುಪಾತವೇ ಈ ಕೆಲಸದ ಮುಖ್ಯ ಅಳತೆಗೋಲು. ಅದು 1 ಆದರೆ ಮಾರುಕಟ್ಟೆ ಟ್ರೇನರ್‌ನನ್ನು ಸರಿಯಾಗಿ ತೂಗಿದೆ, 1ಕ್ಕಿಂತ ಕಡಿಮೆಯಾದರೆ ಹೆಸರಿಗೆ ಮರುಳಾಗಿ ಹೆಚ್ಚು ತೂಗಿದೆ ಎಂದರ್ಥ.

ನಿಮ್ಮ 60 ಓಟಗಳಿಗೆ ಈ ಲೆಕ್ಕ ಹಾಕಿದೆ. ನಿರೀಕ್ಷಿತ ಗೆಲುವು 12.4, ನಿಜವಾದ ಗೆಲುವು 15, ಅನುಪಾತ 1.21. ನೋಡಲು ಚೆನ್ನಾಗಿದೆ. ಆದರೆ ಪಣ ಕಟ್ಟುವಾಗ ನಮಗೆ ಸಿಗುವುದು ಅಂಚು ಕಳೆದ ದರ. ಈ ಅಂಚು ಶೇ 15ರ ಆಸುಪಾಸಿನಲ್ಲಿರುವಾಗ ಹಾಕಿದ ಹಣ ಹಾಗೆಯೇ ಮರಳಬೇಕಾದರೂ ಅನುಪಾತ 1.15 ಇರಬೇಕು. ಗೆದ್ದಾಗಲೆಲ್ಲ ಒಂದೇ ಯೂನಿಟ್ ಮರಳುವಂತೆ, ಅಂದರೆ ದೊಡ್ಡ ದರಕ್ಕೆ ಸಣ್ಣ ಪಣ, ಸಣ್ಣ ದರಕ್ಕೆ ದೊಡ್ಡ ಪಣ ಎಂಬ ಕ್ರಮದಲ್ಲಿ ಇದೇ ಪಟ್ಟಿಯ ಮೇಲೆ ಕಟ್ಟಿದ್ದರೆ ಒಟ್ಟು 14.3 ಯೂನಿಟ್ ಹಾಕಿ 15 ಯೂನಿಟ್ ಪಡೆಯುತ್ತಿದ್ದಿರಿ. ಶೇ 40 ಎಂದು ಕಂಡ ಲಾಭ ಶೇ 5ಕ್ಕೆ ಕರಗಿತು. ಒಂದೇ ದೊಡ್ಡ ದರದ ಗೆಲುವು ಇಡೀ ಲೆಕ್ಕವನ್ನು ತನ್ನತ್ತ ಎಳೆದುಕೊಳ್ಳದಂತೆ ನೋಡಿಕೊಳ್ಳಲು ನಾನು ಯಾವಾಗಲೂ ಈ ಎರಡನೆಯ ಲೆಕ್ಕವನ್ನೇ ಮೊದಲು ನೋಡುತ್ತೇನೆ.

ಇಲ್ಲೊಂದು ಎಚ್ಚರಿಕೆ ಬೇಕು. ಎಲ್ಲ ಕುದುರೆಗಳ ದರದಿಂದಲೂ ಅಂಚನ್ನು ಒಂದೇ ಪ್ರಮಾಣದಲ್ಲಿ ಕಳೆಯುವುದು ಸುಲಭ, ಆದರೆ ಪೂರ್ತಿ ನ್ಯಾಯವಲ್ಲ. ದೊಡ್ಡ ದರದ ಕುದುರೆಗಳ ಮೇಲೆ ಜನ ಅವುಗಳ ಯೋಗ್ಯತೆಗೆ ಮೀರಿ ಹಣ ಹಾಕುತ್ತಾರೆ, ಫೇವರಿಟ್‌ಗಳ ಮೇಲೆ ಕಡಿಮೆ ಹಾಕುತ್ತಾರೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಗ್ರಿಫಿತ್ 1949ರಲ್ಲೇ ತೋರಿಸಿದ್ದರು. ಅಲ್ಲಿಂದೀಚೆಗೆ ಹಲವು ದೇಶಗಳ ಓಟಗಳಲ್ಲಿ ಇದೇ ಒಲವು ಕಂಡುಬಂದಿದೆ; ಹಾಂಗ್‌ಕಾಂಗ್‌ನಲ್ಲಿ ಮಾತ್ರ ಅದು ಇಲ್ಲವೆಂದು 1988ರ ಅಧ್ಯಯನವೊಂದು ಹೇಳಿತು. ಹಾಗಾಗಿ ಸಣ್ಣ ಲಾಯದ, ಸದಾ ದೊಡ್ಡ ದರದ ಕುದುರೆಗಳನ್ನೇ ಓಡಿಸುವ ಟ್ರೇನರ್‌ನ ಅನುಪಾತ 0.8 ಎಂದು ಬಂದರೆ ತಪ್ಪೆಲ್ಲ ಅವರದಲ್ಲ. ಅದೇ ದರದ ಶ್ರೇಣಿಯಲ್ಲಿ ಓಡಿದ ಉಳಿದೆಲ್ಲ ಕುದುರೆಗಳ ಅನುಪಾತ ಎಷ್ಟೆಂದು ನೋಡಿ, ಅದಕ್ಕೆ ಹೋಲಿಸಿ ತೀರ್ಮಾನಿಸಬೇಕು.

ಈಗ ಆಕಸ್ಮಿಕದ ಮಾತು. 12.4 ಗೆಲುವು ನಿರೀಕ್ಷೆಯಿದ್ದ ಕಡೆ 15 ಬಂದಿತು, 2.6 ಹೆಚ್ಚು. ಈ ಬಗೆಯ 60 ಓಟಗಳಲ್ಲಿ ಬರೀ ಅದೃಷ್ಟದಿಂದಲೇ ಗೆಲುವಿನ ಸಂಖ್ಯೆ ಸುಮಾರು 3ರಷ್ಟು ಮೇಲೆಕೆಳಗೆ ಆಗುವುದು ತೀರಾ ಸಾಮಾನ್ಯ. ಅಂದರೆ ನಿಮ್ಮ ಇಡೀ ಆವಿಷ್ಕಾರ ಅದೃಷ್ಟದ ಒಂದು ಸಾಧಾರಣ ಅಲೆಗಿಂತ ಚಿಕ್ಕದು. ಇದನ್ನೇ ಇನ್ನೊಂದು ಬಗೆಯಲ್ಲಿ ನೋಡಿದರೆ, 60ರಲ್ಲಿ 15 ಗೆದ್ದವರ ನಿಜವಾದ ಗೆಲುವಿನ ಪ್ರಮಾಣ ಶೇ 16ರಿಂದ ಶೇ 37ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಶೇ 16 ಆದರೆ ಈ ದರಗಳಲ್ಲಿ ಖಚಿತವಾದ ನಷ್ಟ, ಶೇ 37 ಆದರೆ ಅಪೂರ್ವ ಲಾಭ. ನಿಮ್ಮ ಪಟ್ಟಿಗೆ ಈ ಎರಡನ್ನು ಬೇರ್ಪಡಿಸಿ ಹೇಳುವ ಶಕ್ತಿಯೇ ಇಲ್ಲ.

ಓದುಗರು ಬಹುಶಃ ಊಹಿಸಿರದ ಅಂಕಿಯೊಂದನ್ನು ಇಲ್ಲಿ ಕೊಡಬೇಕು. ಸರಾಸರಿ 5ರ ದರದಲ್ಲಿ ಪಣ ಕಟ್ಟುವ ಒಬ್ಬರಿಗೆ ನಿಜವಾಗಿಯೂ ಶೇ 5ರಷ್ಟು ಮೇಲುಗೈ ಇದೆ ಎಂದುಕೊಳ್ಳಿ. ಅದು ಅದೃಷ್ಟವಲ್ಲ ಎಂದು ಕೇವಲ ಲಾಭನಷ್ಟದ ಲೆಕ್ಕದಿಂದ ಒಪ್ಪುವಂತೆ ತೋರಿಸಲು ಸುಮಾರು 6,600 ಪಣಗಳು ಬೇಕಾಗುತ್ತವೆ. ಐದು ವರ್ಷಕ್ಕೆ 60 ಓಟ ಕೊಡುವ ಒಬ್ಬ ಟ್ರೇನರ್‌ನಿಂದ ಅಷ್ಟು ಓಟಗಳು ಬರಲು 500 ವರ್ಷಗಳಿಗೂ ಹೆಚ್ಚು ಬೇಕು. ನನ್ನ ಉತ್ತರದ ತಿರುಳು ಇರುವುದು ಇಲ್ಲೇ. ಒಬ್ಬ ಟ್ರೇನರ್‌ನ ಒಂದು ವಿಶೇಷ ಅಭ್ಯಾಸವನ್ನು ಹಿಂದಿನ ಲಾಭದ ಆಧಾರದ ಮೇಲೆ ಸಾಬೀತುಪಡಿಸುವುದು ಕಷ್ಟವಲ್ಲ, ಅಸಾಧ್ಯ. ಆದುದರಿಂದ ಆ ಅಭ್ಯಾಸ ಯಾಕಿದೆ, ಮಾರುಕಟ್ಟೆ ಅದನ್ನು ಯಾಕೆ ಗಮನಿಸಿಲ್ಲ ಎಂಬ ಎರಡು ಪ್ರಶ್ನೆಗಳಿಗೆ ಅಂಕಿಗಳ ಹೊರಗಿನಿಂದಲೂ ಉತ್ತರ ಬರಬೇಕು.

ಅದಕ್ಕೂ ಮೊದಲು, ಈ ಟ್ರೇನರ್ ನಿಮ್ಮ ಕಣ್ಣಿಗೆ ಬಿದ್ದ ಬಗೆಯನ್ನು ನೀವೇ ಒಮ್ಮೆ ನೆನಪಿಸಿಕೊಳ್ಳಿ. ಸ್ಪ್ರೆಡ್‌ಶೀಟಿನಲ್ಲಿ 200 ಟ್ರೇನರ್‌ಗಳಿದ್ದು, ಪ್ರತಿಯೊಬ್ಬರನ್ನೂ ವಿಶ್ರಾಂತಿಯ ನಂತರದ ಓಟ, ದೂರದ ಬದಲಾವಣೆ, ಮೊದಲ ಬಾರಿಗೆ ಕಣ್ಕಾಪು, ಜಾಕಿಯ ಬದಲಾವಣೆ ಎಂದು ಹತ್ತು ಬಗೆಯಾಗಿ ವಿಂಗಡಿಸಿದ್ದರೆ 2,000 ಕೋಷ್ಟಕಗಳಾದವು. ಯಾರಲ್ಲೂ ಯಾವ ವಿಶೇಷವೂ ಇಲ್ಲದಿದ್ದರೂ, ನೂರಕ್ಕೆ ಒಂದು ಎಂಬಷ್ಟು ಅಪರೂಪದ ಫಲಿತಾಂಶ ಅವುಗಳಲ್ಲಿ ಸುಮಾರು 20 ಕಡೆ ಕಾಣಿಸಿಕೊಳ್ಳುತ್ತದೆ. ಲಾಭದ ಇಳಿಕೆಯ ಕ್ರಮದಲ್ಲಿ ಜೋಡಿಸಿ ಮೇಲಿನ ಸಾಲನ್ನು ಎತ್ತಿಕೊಂಡವರು ಅತ್ಯಂತ ಅದೃಷ್ಟಶಾಲಿ ಕೋಷ್ಟಕವನ್ನೇ ಎತ್ತಿಕೊಂಡಿರುತ್ತಾರೆ. ಗಡಿಯ ಆಯ್ಕೆಯೂ ಹೀಗೆಯೇ. 90 ದಿನವೇ ಯಾಕೆ? 75 ಅಥವಾ 105 ಎಂದಿಟ್ಟರೆ ಲಾಭ ಉಳಿಯುತ್ತದೆಯೇ? ಗಡಿಯನ್ನು ಎರಡು ವಾರ ಸರಿಸಿದರೆ ಕುಸಿಯುವ ಸೂತ್ರವನ್ನು ಕುದುರೆಯ ದೇಹವಾಗಲಿ ಟ್ರೇನರ್‌ನ ಪಂಚಾಂಗವಾಗಲಿ ಹುಟ್ಟಿಸಿರಲು ಸಾಧ್ಯವಿಲ್ಲ.

ಈ ಅತಿಯಾಸೆಯನ್ನು ತಗ್ಗಿಸಲು ಸರಳವಾದ ಒಂದು ಉಪಾಯವಿದೆ. ನಿಜವಾದ ಗೆಲುವಿಗೂ ನಿರೀಕ್ಷಿತ ಗೆಲುವಿಗೂ ಒಂದೇ ಸಂಖ್ಯೆಯನ್ನು, ಉದಾಹರಣೆಗೆ 30ನ್ನು, ಕೂಡಿಸಿ ಆಮೇಲೆ ಭಾಗಿಸಿ. ನಿಮ್ಮ ವಿಷಯದಲ್ಲಿ 45ನ್ನು 42.4ರಿಂದ ಭಾಗಿಸಿದಂತಾಗಿ ಅನುಪಾತ 1.21ರಿಂದ 1.06ಕ್ಕೆ ಇಳಿಯುತ್ತದೆ. 600 ನಿರೀಕ್ಷಿತ ಗೆಲುವುಗಳಿರುವ ದೊಡ್ಡ ಟ್ರೇನರ್‌ನ ಅನುಪಾತ ಇದರಿಂದ ಹೆಚ್ಚೇನೂ ಅಲುಗಾಡುವುದಿಲ್ಲ; ಸಣ್ಣ ಮಾದರಿಯದು ಮಾತ್ರ 1ರ ಕಡೆಗೆ ಜಗ್ಗಲ್ಪಡುತ್ತದೆ, ಜಗ್ಗಲ್ಪಡಲೇಬೇಕು. ಕೂಡಿಸುವ ಸಂಖ್ಯೆ ಎಷ್ಟಿರಬೇಕೆಂಬುದು ಟ್ರೇನರ್‌ಗಳು ತಮ್ಮತಮ್ಮಲ್ಲಿ ನಿಜವಾಗಿ ಎಷ್ಟು ಭಿನ್ನರು ಎಂಬುದರ ಮೇಲೆ ನಿಂತಿದೆ. ಮೊದಲ ಮೂರು ವರ್ಷಗಳ ಅನುಪಾತ ಕೊನೆಯ ಎರಡು ವರ್ಷಗಳ ಅನುಪಾತವನ್ನು ಎಷ್ಟರಮಟ್ಟಿಗೆ ಊಹಿಸುತ್ತದೆ ಎಂದು ನಿಮ್ಮ ದತ್ತಾಂಶದಲ್ಲೇ ನೋಡಿದರೆ ಅದು ತಿಳಿಯುತ್ತದೆ.

ಕಾರಣದ ವಿಷಯಕ್ಕೆ ಬರುತ್ತೇನೆ. ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ. ದೀರ್ಘ ವಿಶ್ರಾಂತಿಯ ನಂತರ ಕುದುರೆಯನ್ನು ಓಟಕ್ಕೆ ತರುವ ಎರಡು ಪದ್ಧತಿಗಳಿವೆ. ಕೆಲವರು ತಮ್ಮ ಅಭ್ಯಾಸದ ಏರುದಾರಿಯಲ್ಲೇ ವಾರಗಟ್ಟಲೆ ಓಡಿಸಿ, ಪೂರ್ತಿ ಹದಗೊಳಿಸಿಯೇ ಕಣಕ್ಕೆ ಕಳುಹಿಸುತ್ತಾರೆ. ಇನ್ನು ಕೆಲವರಿಗೆ ಮೊದಲ ಓಟವೇ ಕೊನೆಯ ಅಭ್ಯಾಸ. ಅಂಥ ಲಾಯದ ಕುದುರೆ ಕೊನೆಯ ಇನ್ನೂರು ಮೀಟರ್‌ನಲ್ಲಿ ಸೋಲುತ್ತದೆ, ಮರಳಿ ಬರುವಾಗ ಅದರ ಪಕ್ಕೆಗಳು ಬಹಳ ಹೊತ್ತು ಏರಿಳಿಯುತ್ತಿರುತ್ತವೆ, ಎರಡು ಮೂರು ವಾರ ಬಿಟ್ಟು ಓಡಿದಾಗ ಅದೇ ಕುದುರೆ ಬೇರೆ ಪ್ರಾಣಿಯಂತೆ ಕಾಣುತ್ತದೆ. ಈ ವ್ಯತ್ಯಾಸ ಲಾಯದ ದಿನಚರಿಯಲ್ಲಿ ಬೇರೂರಿರುವುದರಿಂದ ವರ್ಷದಿಂದ ವರ್ಷಕ್ಕೆ ಉಳಿಯುತ್ತದೆ. ಇದನ್ನು ನಂಬಲು ನನಗೆ 6,600 ಓಟಗಳು ಬೇಕಿಲ್ಲ. ವಿಶ್ರಾಂತಿಯ ನಂತರದ ಮೊದಲ ಓಟವನ್ನು ಅದೇ ಕುದುರೆಗಳ ಎರಡನೆಯ ಓಟದೊಂದಿಗೆ ಹೋಲಿಸಿ ನೋಡಿ. ನಿಮ್ಮ ಟ್ರೇನರ್ ಮೊದಲ ಪದ್ಧತಿಯವರಾಗಿದ್ದರೆ ಎರಡರ ನಡುವೆ ಹೆಚ್ಚು ಅಂತರ ಇರಬಾರದು. ಎರಡನೆಯ ಓಟದಲ್ಲಿ ಅವು ಗಣನೀಯವಾಗಿ ಸುಧಾರಿಸುತ್ತಿದ್ದರೆ ನಿಮ್ಮ 15 ಗೆಲುವುಗಳ ವಿವರಣೆ ಬೇರೆಲ್ಲೋ ಇದೆ.

ಕಾರಣ ಇದ್ದ ಮಾತ್ರಕ್ಕೆ ಲಾಭ ಇರಬೇಕೆಂದಿಲ್ಲ. ಇಂಗ್ಲೆಂಡಿನ ರೇಸ್ ಪಟ್ಟಣ ನ್ಯೂಮಾರ್ಕೆಟ್‌ನ ಸರ್ ಮಾರ್ಕ್ ಪ್ರೆಸ್ಕಾಟ್ ಇದಕ್ಕೆ ಒಳ್ಳೆಯ ಉದಾಹರಣೆ. 1970ರಿಂದ ಪರವಾನಗಿ ಹೊಂದಿರುವ, 2022ರಲ್ಲಿ ಆಲ್ಪಿನಿಸ್ಟಾ ಎಂಬ ಕುದುರೆಯ ಮೂಲಕ ಫ್ರಾನ್ಸಿನ ದೊಡ್ಡ ಓಟವಾದ ಆರ್ಕ್ ಗೆದ್ದ ಈ ಟ್ರೇನರ್‌ನ ಕುದುರೆಗಳು ಎರಡು ವರ್ಷ ವಯಸ್ಸಿನಲ್ಲಿ ಸಣ್ಣ ದೂರದ ಓಟಗಳಲ್ಲಿ ಓಡಿ, ಮೂರು ವರ್ಷ ವಯಸ್ಸಿನಲ್ಲಿ ತಮ್ಮ ವಂಶಕ್ಕೆ ಒಗ್ಗುವ ಹೆಚ್ಚಿನ ದೂರದ ಹ್ಯಾಂಡಿಕ್ಯಾಪ್‌ಗಳಿಗೆ (ಯೋಗ್ಯತೆಗೆ ತಕ್ಕಂತೆ ಭಾರ ಹೊರಿಸುವ ಓಟಗಳಿಗೆ) ಬಂದಾಗ ಅರಳುತ್ತವೆ ಎಂಬುದು ಬ್ರಿಟನ್ನಿನ ರೇಸ್ ಅಭಿಮಾನಿಗಳಿಗೆಲ್ಲ ಬಾಯಿಪಾಠ. ಅಭ್ಯಾಸ ನಿಜ, ಕಾರಣ ಸ್ಪಷ್ಟ. ಆದರೆ ಅಂಥ ಕುದುರೆ ಕಣಕ್ಕೆ ಬಂದ ದಿನ ದರ ಬೆಳಿಗ್ಗೆಯೇ ಕುಗ್ಗಿರುತ್ತದೆ. ಎಲ್ಲರಿಗೂ ಗೊತ್ತಿರುವ ಸತ್ಯಕ್ಕೆ ಪಣದ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ನೀವು ಹುಡುಕಬೇಕಾದದ್ದು ಪರವಾನಗಿ ಪಡೆದು ಎರಡು ಮೂರು ವರ್ಷಗಳಷ್ಟೇ ಆಗಿರುವ, ಲಾಯವನ್ನು ಈಗಷ್ಟೇ ಬದಲಿಸಿದ, ಅಭ್ಯಾಸದ ಹೊಸ ಏರುದಾರಿಯನ್ನು ಕಟ್ಟಿಸಿಕೊಂಡ, ಹೆಸರು ಇನ್ನೂ ಜನರ ಬಾಯಿಗೆ ಬಾರದ ಟ್ರೇನರ್‌ಗಳಲ್ಲಿ. ಅಲ್ಲಿ ಅಂಕಿಗಳು ಕಡಿಮೆ, ಹಾಗಾಗಿ ಕಾರಣದ ಮೇಲಿನ ಹೊಣೆ ಹೆಚ್ಚು.

ದತ್ತಾಂಶದ ಹೆಸರುಗಳಲ್ಲಿ ಅಡಗಿರುವ ಮೋಸಗಳ ಬಗ್ಗೆ ಯಾರೂ ಸಾಕಷ್ಟು ಎಚ್ಚರಿಸುವುದಿಲ್ಲ. ಬ್ರಿಟನ್ನಿನ ಟ್ರೇನರ್ ರಿಚರ್ಡ್ ಹ್ಯಾನನ್ 2013ರ ಕೊನೆಗೆ ನಿವೃತ್ತರಾದಾಗ ಲಾಯ ಅವರ ಮಗನ ಕೈಗೆ ಹೋಯಿತು. ಮಗನ ಹೆಸರೂ ರಿಚರ್ಡ್ ಹ್ಯಾನನ್. ಇಬ್ಬರನ್ನೂ ಒಂದೇ ಸಾಲಿಗೆ ಸೇರಿಸುವ ಪಟ್ಟಿಗಳಿವೆ. ಇದಕ್ಕೆ ತದ್ವಿರುದ್ಧವಾಗಿ, ಬ್ರಿಟನ್ನಿನಲ್ಲಿ ಜಂಟಿ ಪರವಾನಗಿ ಬಂದ ಮೇಲೆ 2021ರಿಂದ ಜಾನ್ ಗಾಸ್ಡೆನ್ ಅವರ ಕುದುರೆಗಳು ಜಾನ್ ಮತ್ತು ಥೇಡಿ ಗಾಸ್ಡೆನ್ ಹೆಸರಿನಲ್ಲಿ ಓಡುತ್ತಿವೆ. ಲಾಯ ಅದೇ, ತಂದೆಯೂ ಅವರೇ, ಆದರೆ ಸ್ಪ್ರೆಡ್‌ಶೀಟ್ ಅವರನ್ನು ಯಾವ ಇತಿಹಾಸವೂ ಇಲ್ಲದ ಹೊಸ ಟ್ರೇನರ್ ಎಂದು ತಿಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಗೇ ವಾಟರ್‌ಹೌಸ್ 2016ರಲ್ಲಿ ಏಡ್ರಿಯನ್ ಬಾಟ್ ಅವರನ್ನು ಜೊತೆಗೆ ಸೇರಿಸಿಕೊಂಡಾಗಲೂ ಹೀಗೆಯೇ ಆಗಿತ್ತು. ನಿಮ್ಮ ಪಟ್ಟಿಯಲ್ಲಿ ಇಂಥ ಕಡಿತಗಳನ್ನು ಕೈಯಾರೆ ಸರಿಪಡಿಸಬೇಕು.

ಒಂದೇ ಓಟದಲ್ಲಿ ಹಲವು ಕುದುರೆಗಳನ್ನು ಓಡಿಸುವವರ ಲೆಕ್ಕವೂ ಹಾದಿ ತಪ್ಪಿಸುತ್ತದೆ. ಐರ್ಲೆಂಡಿನ ಟ್ರೇನರ್ ಏಡನ್ ಓ'ಬ್ರಿಯನ್ ಇಂಗ್ಲೆಂಡಿನ ಎಪ್ಸಮ್ ಡರ್ಬಿ ಓಟಕ್ಕೆ ನಾಲ್ಕೈದು ಕುದುರೆಗಳನ್ನು ಇಳಿಸುವುದು ಸಾಮಾನ್ಯ; ಅವುಗಳಲ್ಲಿ ಗೆಲ್ಲುವುದು ಹೆಚ್ಚೆಂದರೆ ಒಂದು. ಪ್ರತಿ ಕುದುರೆಯನ್ನೂ ಬೇರೆಬೇರೆ ಓಟವೆಂದು ಎಣಿಸಿದರೆ ಅವರ ಗೆಲುವಿನ ಪ್ರಮಾಣ ನಿಜಕ್ಕಿಂತ ಕೆಳಗೆ ಕಾಣುತ್ತದೆ. ಜೊತೆಗೆ 2017ರಲ್ಲಿ ವಿಂಗ್ಸ್ ಆಫ್ ಈಗಲ್ಸ್ ಒಂದಕ್ಕೆ ನಲವತ್ತರ ದರದಲ್ಲಿ, 2020ರಲ್ಲಿ ಸರ್ಪೆಂಟೈನ್ ಒಂದಕ್ಕೆ ಇಪ್ಪತ್ತೈದರ ದರದಲ್ಲಿ ಅವರಿಗೆ ಡರ್ಬಿ ಗೆದ್ದುಕೊಟ್ಟವು. ಈ ಎರಡು ಮಧ್ಯಾಹ್ನಗಳು ಮಾತ್ರ ಸಾಕು, ಅವರ ಎರಡನೆಯ ಸಾಲಿನ ಕುದುರೆಗಳ ಮೇಲೆ ಕಣ್ಣುಮುಚ್ಚಿ ಪಣ ಕಟ್ಟುವುದು ಲಾಭಕರ ಎಂಬ ಕೋಷ್ಟಕ ತಯಾರಾಗಲು.

ನನ್ನದೇ ಒಂದು ತಪ್ಪನ್ನೂ ಹೇಳಬೇಕು. ಹಲವು ವರ್ಷಗಳ ಹಿಂದೆ, ಒದ್ದೆ ನೆಲದಲ್ಲಿ ಅದ್ಭುತವಾಗಿ ಗೆಲ್ಲುವ ಟ್ರೇನರ್ ಒಬ್ಬರನ್ನು ಕಂಡುಹಿಡಿದೆನೆಂದು ಒಂದು ಇಡೀ ಋತು ಅವರ ಹಿಂದೆ ಬಿದ್ದೆ. ನಷ್ಟವಾದ ಮೇಲೆ ನೋಟ್‌ಬುಕ್ಕನ್ನು ಮತ್ತೆ ತೆರೆದು ಗೆದ್ದ ಕುದುರೆಗಳ ಹೆಸರನ್ನು ಒಂದರ ಕೆಳಗೊಂದು ಬರೆದಾಗ, 11 ಗೆಲುವುಗಳಲ್ಲಿ 6 ಒಂದೇ ಕುದುರೆಯವು ಎಂದು ಕಂಡಿತು. ಒದ್ದೆ ನೆಲ ಒಗ್ಗುತ್ತಿದ್ದುದು ಆ ಕುದುರೆಗೆ, ಟ್ರೇನರ್‌ಗಲ್ಲ. ನಾನು ಹಿಂಬಾಲಿಸಲು ಶುರುಮಾಡುವ ಹೊತ್ತಿಗೆ ಅದು ನಿವೃತ್ತವಾಗಿತ್ತು. ಅಂದಿನಿಂದ ಗೆಲುವುಗಳ ಜೊತೆಗೆ ಬೇರೆಬೇರೆ ಗೆದ್ದ ಕುದುರೆಗಳೆಷ್ಟು ಎಂಬ ಕಾಲಮ್ಮನ್ನೂ ಇಡುತ್ತೇನೆ. ನಿಮ್ಮ 15 ಗೆಲುವುಗಳು 9 ಕುದುರೆಗಳಿಂದ ಬಂದಿವೆ. ಅಷ್ಟರಮಟ್ಟಿಗೆ ನಿಮ್ಮ ಪಟ್ಟಿ ನನ್ನ ಹಳೆಯ ಪಟ್ಟಿಗಿಂತ ಗಟ್ಟಿ.

ಗೆಲುವುಗಳು ಇಷ್ಟು ವಿರಳವಾಗಿರುವಾಗ ಸೋತ ಓಟಗಳಿಂದಲೂ ಮಾಹಿತಿ ಹಿಂಡುವುದು ಜಾಣತನ. ಕುದುರೆ ತನ್ನ ಎದುರಾಳಿಗಳಲ್ಲಿ ಎಷ್ಟು ಪಾಲನ್ನು ಹಿಂದಿಕ್ಕಿತು ಎಂದು ಎಣಿಸಿ: 13 ಕುದುರೆಗಳ ಓಟದಲ್ಲಿ ಮೂರನೆಯದಾಗಿ ಬಂದರೆ 12 ಎದುರಾಳಿಗಳಲ್ಲಿ 10ನ್ನು ಸೋಲಿಸಿದಂತೆ, ಅಂದರೆ ಶೇ 83. ಗೆದ್ದಿತೋ ಇಲ್ಲವೋ ಎಂಬ ಎರಡೇ ಉತ್ತರಗಳ ಬದಲು ಪ್ರತಿ ಓಟವೂ ಒಂದು ಅಳತೆಯನ್ನು ಕೊಡುವುದರಿಂದ 60 ಓಟಗಳು ಹೆಚ್ಚು ಮಾತಾಡುತ್ತವೆ. ಅದೇ ದರದ ಕುದುರೆಗಳು ಸರಾಸರಿ ಎಷ್ಟನ್ನು ಹಿಂದಿಕ್ಕುತ್ತವೆ ಎಂಬುದಕ್ಕೆ ಹೋಲಿಸಿದಾಗ ನಿಮ್ಮ ಟ್ರೇನರ್‌ನ ಸೋತ 45 ಕುದುರೆಗಳೂ ಮೇಲಿದ್ದರೆ ಮಾತ್ರ 15 ಗೆಲುವುಗಳಿಗೆ ನಾನು ತೂಕ ಕೊಡುತ್ತೇನೆ. ಕಳೆದ ಹದಿನಾಲ್ಕು ದಿನಗಳ ಲಾಯದ ಸ್ಥಿತಿ ಎಂದು ಎಲ್ಲೆಡೆ ಪ್ರಕಟವಾಗುವ ಅಂಕಿಯನ್ನೂ ಹೀಗೆಯೇ ಓದಬೇಕು. 8ರಲ್ಲಿ 2 ಗೆಲುವು ಏನನ್ನೂ ಹೇಳುವುದಿಲ್ಲ, ಆದರೆ ಕಡಿಮೆ ದರದ ಹತ್ತು ಕುದುರೆಗಳು ಒಂದರ ಹಿಂದೊಂದು ಕಣದ ಹಿಂದಿನ ಅರ್ಧದಲ್ಲಿ ಮುಗಿಸಿದರೆ ಲಾಯಕ್ಕೆ ಉಸಿರಾಟದ ಸೋಂಕು ತಗುಲಿರಬಹುದೆಂದು ಅನುಮಾನಿಸಿ ದೂರ ಉಳಿಯುವುದು ಒಳಿತು. ಟ್ರೇನರ್ ಅಂಕಿಗಳು ಯಾವುದರ ಮೇಲೆ ಕಟ್ಟಬೇಕೆಂಬುದಕ್ಕಿಂತ ಯಾವುದರ ಮೇಲೆ ಕಟ್ಟಬಾರದೆಂಬುದನ್ನು ಹೆಚ್ಚು ವಿಶ್ವಾಸದಿಂದ ಹೇಳುತ್ತವೆ ಎಂಬುದು ನನ್ನ ಅನುಭವ.

ಈ ದಾರಿಯಲ್ಲಿ ನಿಜವಾಗಿ ದುಡ್ಡು ಮಾಡಿದವರಲ್ಲಿ ಅಮೆರಿಕದ ಪಣಗಾರ ಬಿಲ್ ಬೆಂಟರ್ ಹೆಸರು ಮೊದಲು ಬರುತ್ತದೆ. 1980ರ ದಶಕದಿಂದ ಹಾಂಗ್‌ಕಾಂಗ್‌ನಲ್ಲಿ, ಗೆಲುವಿನ ಪಣದ ಮೊತ್ತದಿಂದ ಸುಮಾರು ಶೇ 17ರಷ್ಟನ್ನು ಮೊದಲೇ ಮುರಿದುಕೊಳ್ಳುವ ವ್ಯವಸ್ಥೆಯ ಎದುರು, ಅವರು ಗೆದ್ದರು. ತಮ್ಮ ವಿಧಾನವನ್ನು 1994ರಲ್ಲಿ ವಿವರಿಸುವಾಗ ಅವರು ಒಂದು ಮಾತಿಗೆ ಒತ್ತು ಕೊಟ್ಟಿದ್ದರು: ಎಷ್ಟೇ ಎಚ್ಚರಿಕೆಯಿಂದ ಕಟ್ಟಿದ ಸ್ವಂತ ಅಂದಾಜನ್ನೂ ಸಾರ್ವಜನಿಕರ ದರದೊಂದಿಗೆ ಬೆರೆಸಿಯೇ ಅಂತಿಮ ಸಾಧ್ಯತೆಯನ್ನು ಪಡೆಯಬೇಕು, ಏಕೆಂದರೆ ನಮ್ಮ ಅಂದಾಜು ಮಾರುಕಟ್ಟೆಗಿಂತ ಬಹಳ ಮೇಲೆ ನಿಂತಾಗ ಸಾಮಾನ್ಯವಾಗಿ ತಪ್ಪಿರುವುದು ನಾವೇ. ಅವರ ಲೆಕ್ಕದಲ್ಲಿ ಕುದುರೆಯ ಹತ್ತಾರು ಗುಣಗಳು ಒಟ್ಟಿಗೆ ಕೆಲಸ ಮಾಡುತ್ತಿದ್ದವು. ಟ್ರೇನರ್ ಅಂಕಿಯೊಂದನ್ನೇ ಒಂಟಿಯಾಗಿ ನಿಲ್ಲಿಸಿ ಅದರಿಂದಲೇ ಬದುಕಲು ಹೊರಟವರಿಗೆ ಅಷ್ಟು ಬಲ ಇರುವುದಿಲ್ಲ.

ನಿಮ್ಮ ದರಗಳು ಎಲ್ಲಿಂದ ಬಂದವು ಎಂಬುದನ್ನೂ ಪರೀಕ್ಷಿಸಿ. ಓಟ ಶುರುವಾಗುವ ಕ್ಷಣದ ದರವನ್ನು ಪಟ್ಟಿಯಲ್ಲಿ ಬರೆದುಕೊಂಡು, ಪಣವನ್ನು ಬೆಳಿಗ್ಗೆ ಕಟ್ಟಿದರೆ ಎರಡೂ ಬೇರೆ ಲೆಕ್ಕಗಳು. ಎಲ್ಲರ ಹಣ ಒಂದೇ ನಿಧಿಗೆ ಸೇರುವ ಟೋಟ್ ಪದ್ಧತಿಯಲ್ಲಂತೂ ಅಂತಿಮ ದರ ಗೊತ್ತಾಗುವುದೇ ಬಾಗಿಲುಗಳು ತೆರೆದ ಮೇಲೆ. ಫೇವರಿಟ್ ಆಗಿದ್ದಾಗ ಮಾತ್ರ ಎಂಬಂಥ ಷರತ್ತು ನಿಮ್ಮ ಸೂತ್ರದಲ್ಲಿದ್ದರೆ, ಪಣ ಕಟ್ಟುವ ಹೊತ್ತಿಗೆ ಅದು ನಿಮಗೆ ತಿಳಿದಿರುತ್ತಿತ್ತೇ ಎಂದು ಕೇಳಿಕೊಳ್ಳಿ. ಇನ್ನೊಂದೆಡೆ, ಇದೇ ದರದ ಚಲನೆ ನಿಮಗೆ ಅತ್ಯಂತ ಬೇಗ ತೀರ್ಪು ಕೊಡುವ ಪರೀಕ್ಷಕನೂ ಹೌದು. ನೀವು 6ರ ದರದಲ್ಲಿ ತೆಗೆದುಕೊಂಡ ಕುದುರೆ ಓಟದ ಹೊತ್ತಿಗೆ 5ಕ್ಕೆ ಇಳಿಯುವುದು ಪದೇಪದೇ ನಡೆದರೆ, ಗೆಲುವು ಸೋಲು ಏನೇ ಇರಲಿ, ಉಳಿದವರಿಗಿಂತ ಮೊದಲು ನಿಮಗೆ ಏನೋ ತಿಳಿದಿದೆ. ನೂರು ಪಣಗಳಲ್ಲೇ ಇದು ಸ್ಪಷ್ಟವಾಗತೊಡಗುತ್ತದೆ. ಲಾಭದ ಲೆಕ್ಕಕ್ಕೆ ಬೇಕಾದ ಸಾವಿರಗಳು ಇದಕ್ಕೆ ಬೇಡ.

ಪಣದ ಗಾತ್ರಕ್ಕೆ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಸೂತ್ರವನ್ನೇ ಇಂದಿಗೂ ಬಳಸುತ್ತಾರೆ. 5ರ ದರದ ಕುದುರೆ ಗೆಲ್ಲುವ ಸಾಧ್ಯತೆ ಶೇ 22 ಎಂದು ನಿಮ್ಮ ಅಂದಾಜಾದರೆ, ಮೀಸಲಿಟ್ಟ ಮೊತ್ತದ ಶೇ 2.5ನ್ನು ಕಟ್ಟಿ ಎನ್ನುತ್ತದೆ ಅದು. ನಿಜವಾದ ಸಾಧ್ಯತೆ ಶೇ 20 ಆಗಿದ್ದರೆ ಅದೇ ಸೂತ್ರದ ಉತ್ತರ ಸೊನ್ನೆ. ಎರಡೇ ಶೇಕಡಾ ಅಂಶಗಳ ತಪ್ಪಿಗೆ ಮೇಲುಗೈ ಪೂರ್ತಿ ಮಾಯ. 60 ಓಟಗಳ ಪಟ್ಟಿಯಿಂದ ಬಂದ ಅಂದಾಜಿನಲ್ಲಿ ಹತ್ತು ಅಂಶಗಳ ಅನಿಶ್ಚಿತತೆ ಇದೆ ಎಂದು ಮೇಲೆ ನೋಡಿದೆವು. ಆದುದರಿಂದ ಸೂತ್ರ ಹೇಳಿದ್ದರ ಕಾಲು ಭಾಗಕ್ಕಿಂತ ಹೆಚ್ಚು ಕಟ್ಟುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಆ ಮೀಸಲು ಮೊತ್ತವೂ ಪೂರ್ತಿ ಹೋದರೂ ಮನೆಯ ಯಾವ ಖರ್ಚಿಗೂ ತಟ್ಟದ ಹಣವಾಗಿರಬೇಕು. ಶೇ 22ರ ಸಾಧ್ಯತೆಯ ಪಣಗಳನ್ನೇ 500 ಬಾರಿ ಕಟ್ಟಿದರೆ, ಎಲ್ಲೋ ಒಂದು ಕಡೆ ಸತತ 20 ಸೋಲು ಬರುವ ಸಂಭವ ಸುಮಾರು ಅರ್ಧದಷ್ಟಿದೆ. ಅದು ಬಂದಾಗ ಸೂತ್ರ ಕೆಟ್ಟಿತೋ ಅದೃಷ್ಟ ಕೆಟ್ಟಿತೋ ತಿಳಿಯದೆ ಪಣ ದುಪ್ಪಟ್ಟು ಮಾಡಿದವರನ್ನು ನಾನು ಬಲ್ಲೆ, ಮತ್ತು ಅವರ ಬಗ್ಗೆ ನನಗೆ ಇಂದಿಗೂ ಸಂಕಟವಿದೆ.

ನಿಮ್ಮ ಪಟ್ಟಿಯನ್ನು ಎಸೆಯಬೇಕಾಗಿಲ್ಲ. ಅನುಪಾತ 1ಕ್ಕಿಂತ ಮೇಲಿದೆ, ಗೆಲುವುಗಳು ಹಲವು ಕುದುರೆಗಳಲ್ಲಿ ಹಂಚಿಹೋಗಿವೆ, ವಿಶ್ರಾಂತಿಯ ಅಭ್ಯಾಸಕ್ಕೆ ನಂಬಬಹುದಾದ ಕಾರಣ ಇರಲು ಸಾಧ್ಯ. 75 ಮತ್ತು 105 ದಿನಗಳ ಗಡಿಯಲ್ಲಿ ಲೆಕ್ಕವನ್ನು ಮತ್ತೆ ಹಾಕಿ, ಅವೇ ಕುದುರೆಗಳ ಎರಡನೆಯ ಓಟವನ್ನು ಪಕ್ಕದಲ್ಲಿಟ್ಟು ನೋಡಿ, ಸೋತ 45 ಓಟಗಳಲ್ಲಿ ಎಷ್ಟು ಎದುರಾಳಿಗಳು ಹಿಂದೆ ಬಿದ್ದರೆಂದು ಎಣಿಸಿ. ಈ ಮೂರೂ ನಿಮ್ಮ ಪರವಾಗಿ ಬಂದರೆ ಸೂತ್ರವನ್ನು ಇಂದಿನ ದಿನಾಂಕ ಹಾಕಿ ಒಂದು ಹಾಳೆಯಲ್ಲಿ ಬರೆದಿಡಿ, ಆಮೇಲೆ ಅದರ ಒಂದು ಅಕ್ಷರವನ್ನೂ ಬದಲಿಸಬೇಡಿ. ಮುಂದೆ ಈ ಟ್ರೇನರ್‌ನ ಇಂಥ ಕುದುರೆ ಕಣಕ್ಕೆ ಬಂದಾಗಲೆಲ್ಲ ಓಟಕ್ಕೆ ಮೊದಲೇ ನಿಮ್ಮ ಅಂದಾಜು, ಸಿಕ್ಕ ದರ, ಓಟದ ಹೊತ್ತಿನ ದರ ಈ ಮೂರನ್ನು ದಾಖಲಿಸಿ, ಕಟ್ಟಲೇಬೇಕೆನಿಸಿದರೆ ಅತ್ಯಂತ ಸಣ್ಣ ಪಣ ಕಟ್ಟಿ. ನೀವು ಹೇಳಿದ ವೇಗದಲ್ಲಿ ವರ್ಷಕ್ಕೆ ಹನ್ನೆರಡು ಓಟಗಳು ಸಿಗುತ್ತವೆ. ಅಷ್ಟು ನಿಧಾನ ನಿಮಗೆ ಒಗ್ಗದಿದ್ದರೆ, ಇದೇ ಪದ್ಧತಿಯಲ್ಲಿ ಕುದುರೆಗಳನ್ನು ಹದಗೊಳಿಸುವ ಇತರ ಟ್ರೇನರ್‌ಗಳನ್ನು ಹುಡುಕಿ, ಎಲ್ಲರನ್ನೂ ಒಂದೇ ಗುಂಪಾಗಿ ಪರೀಕ್ಷಿಸಿ. ಆಗ ವರ್ಷದೊಳಗೆ ಇನ್ನೂರು ಮುನ್ನೂರು ಓಟಗಳು ಕೈಗೆ ಬಂದು, ದರದ ಚಲನೆಯಾದರೂ ಒಂದು ಉತ್ತರ ಕೊಡಲು ಶುರುಮಾಡುತ್ತದೆ.